ಮತ್ತೋ, ಮದ್ದೋ?

ಎಲ್‌ಎಸ್‌ಡಿ, ಎಂಡಿಎಂಎ, ಮಾಯಾ ಅಣಬೆ. ಪೊಲೀಸರ ಪತ್ರಿಕಾ ಪ್ರಕಟಣೆಯಲ್ಲಿ ಗ್ರಾಂ ಲೆಕ್ಕದಲ್ಲಿ ಓದಿ ಗೊತ್ತಿದ್ದ ಹೆಸರುಗಳು ಈಗ ಮನೋವೈದ್ಯರ ಮೇಜಿಗೂ ಬಂದಿವೆ. ಖಿನ್ನತೆಗೆ, ಸಾವಿನ ಭಯಕ್ಕೆ, ವಾಸಿಯಾಗದ ಆಘಾತಕ್ಕೆ ಇವು ಮದ್ದಾಗಬಲ್ಲವೇ? ಆಗಬಹುದು. ಆದರೆ ಗುಳಿಗೆಗಿಂತ ದುಬಾರಿಯಾದ ಸಾಮಾನೊಂದು ಈ ಚಿಕಿತ್ಸೆಗೆ ಬೇಕು!

1943ರ ಏಪ್ರಿಲ್ 19, ಸೋಮವಾರ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರ. ಸುತ್ತಲಿನ ದೇಶಗಳಲ್ಲೆಲ್ಲ ಮಹಾಯುದ್ಧ. ಕಾರು ಓಡಿಸಲು ನಿರ್ಬಂಧ. ಸಂಜೆ ಐದರ ಮೇಲೆ ಎರಡು ಸೈಕಲ್‌ಗಳು ಊರಂಚಿನ ಬಾಟ್‌ಮಿಂಗೆನ್ ಕಡೆ ಹೊರಟಿವೆ.

ಒಂದರ ಮೇಲೆ 37 ವರ್ಷದ ರಸಾಯನ ವಿಜ್ಞಾನಿ ಆಲ್ಬರ್ಟ್ ಹಾಫ್‌ಮನ್. ಇನ್ನೊಂದರ ಮೇಲೆ ಅವರ ಪ್ರಯೋಗಾಲಯದ ಸಹಾಯಕಿ. ಹಾಫ್‌ಮನ್ ಕಣ್ಣಿಗೆ ದಾರಿ ನೆಟ್ಟಗಿಲ್ಲ. ಸೊಟ್ಟ ಕನ್ನಡಿಯಲ್ಲಿ ಕಂಡ ಹಾಗೆ ಎಲ್ಲವೂ ಬಾಗುತ್ತಿದೆ, ಅಲುಗುತ್ತಿದೆ. ಎಷ್ಟು ತುಳಿದರೂ ಸೈಕಲ್ ನಿಂತಲ್ಲೇ ನಿಂತಿದೆ. ಇಲ್ಲ, ನಾವು ಜೋರಾಗಿಯೇ ಬಂದೆವು ಎಂದು ಸಹಾಯಕಿ ಆಮೇಲೆ ಹೇಳಿದಳು.

ಮನೆ ತಲುಪಿದರೆ ಕುರ್ಚಿ ಮೇಜುಗಳಿಗೆ ಜೀವ ಬಂದಿದೆ. ವಿಷ ಇಳಿಯಲೆಂದು ಹಾಲು ಬೇಕೆಂದರು. ಹಾಲು ತಂದುಕೊಟ್ಟ ಪಕ್ಕದ ಮನೆಯಾಕೆ ಬಣ್ಣದ ಮುಖವಾಡ ತೊಟ್ಟ ಮಾಟಗಾತಿಯಂತೆ ಕಂಡಳು. ಎರಡು ಲೀಟರ್‌ಗೂ ಹೆಚ್ಚು ಹಾಲು ಕುಡಿದರು. ಹೆಂಡತಿ, ಮೂವರು ಮಕ್ಕಳು ಲೂಸರ್ನ್‌ಗೆ ಹೋಗಿದ್ದಾರೆ. ಅವರು ಬರುವಷ್ಟರಲ್ಲಿ ತಾನು ಸತ್ತಿರುತ್ತೇನೆ, ಇಲ್ಲವೇ ಹುಚ್ಚನಾಗಿರುತ್ತೇನೆ ಎಂಬ ದಿಗಿಲು. ಡಾಕ್ಟರು ಬಂದರು, ನಾಡಿ ನೋಡಿದರು, ಎದೆ ನೋಡಿದರು. ಕಣ್ಣಿನ ಪಾಪೆ ಹಿಗ್ಗಿದ್ದು ಬಿಟ್ಟರೆ ಯಾವ ಐಬೂ ಸಿಗಲಿಲ್ಲ.

ರಾತ್ರಿಯಾಗುತ್ತ ದಿಗಿಲು ಇಳಿಯಿತು. ಮುಚ್ಚಿದ ರೆಪ್ಪೆಯ ಒಳಗೆ ಬಣ್ಣದ ಕಾರಂಜಿ. ಬೆಳಗ್ಗೆ ಎದ್ದಾಗ ತಿಂಡಿಗೆ ಹಿಂದೆಂದೂ ಇಲ್ಲದ ರುಚಿ. ಹೊರಗೆ ಮಳೆ ಬಂದು ನಿಂತ ತೋಟ, ಆಗಷ್ಟೇ ಸೃಷ್ಟಿಯಾದ ಲೋಕದಂತೆ ಹೊಳೆಯುತ್ತಿತ್ತು.

ಸಂಜೆ 4.20ಕ್ಕೆ ಅವರು ನೀರಿನಲ್ಲಿ ಕಲಸಿ ಕುಡಿದದ್ದು ಕಾಲು ಮಿಲಿಗ್ರಾಂ. ಹುಷಾರಾಗಿರಬೇಕೆಂದು ಆರಿಸಿಕೊಂಡ, ಅತಿ ಚಿಕ್ಕದೆಂದು ನಂಬಿದ್ದ ಪ್ರಮಾಣ! ವಸ್ತುವಿನ ಹೆಸರು ಎಲ್‌ಎಸ್‌ಡಿ-25.

ಆ ಸವಾರಿಯ ನೆನಪಿಗೆ ಏಪ್ರಿಲ್ 19 ಜಗತ್ತಿನ ಒಂದು ವರ್ಗಕ್ಕೆ ‘ಬೈಸಿಕಲ್ ಡೇ’. ಆ ಹೆಸರಲ್ಲಿ ಆಚರಣೆ ಶುರುಮಾಡಿದ್ದು 1985ರಲ್ಲಿ, ಅಮೆರಿಕದ ಇಲಿನಾಯ್ ರಾಜ್ಯದ ಒಬ್ಬ ಪ್ರಾಧ್ಯಾಪಕರು. ಜೂನ್ 3ರ ವಿಶ್ವ ಸೈಕಲ್ ದಿನಕ್ಕೂ ಇದಕ್ಕೂ ಸಂಬಂಧವಿಲ್ಲ. ಶಾಲಾ ಜಾಥಾದವರು ಗಾಬರಿಯಾಗಬೇಕಿಲ್ಲ.

ಹೆರಿಗೆ ಮನೆಯಿಂದ ಹೊರಟ ಕತೆ

ಹಾಫ್‌ಮನ್ ಹುಡುಕುತ್ತಿದ್ದದ್ದು ಮತ್ತನ್ನಲ್ಲ. ರೈ ಎಂಬ ಧಾನ್ಯದ ತೆನೆಗೆ ಎರ್ಗಟ್ ಎನ್ನುವ ಶಿಲೀಂಧ್ರ ತಗಲಿ ಕಾಳಿನ ಜಾಗದಲ್ಲಿ ಕಪ್ಪು ಕೊಂಬು ಮೂಡುತ್ತದೆ. ಅದು ಬೆರೆತ ಹಿಟ್ಟಿನ ರೊಟ್ಟಿ ತಿಂದು ಮಧ್ಯಯುಗದ ಯುರೋಪಿನಲ್ಲಿ ಊರಿಗೆ ಊರೇ ಕೈಕಾಲು ಕೊಳೆತು ಸತ್ತದ್ದುಂಟು. ಅದೇ ಕೊಂಬನ್ನು ಅಲ್ಲಿನ ಸೂಲಗಿತ್ತಿಯರು ಹೆರಿಗೆಗೆ ಬಳಸುತ್ತಿದ್ದರು; ಗರ್ಭಕೋಶವನ್ನು ಅದು ಬಿಗಿಯಾಗಿ ಕುಗ್ಗಿಸುತ್ತದೆ. ನಮ್ಮ ಉತ್ತರ ಕರ್ನಾಟಕದ ಸಜ್ಜೆಗೂ ಇದರ ದಾಯಾದಿ ಶಿಲೀಂಧ್ರವೊಂದು ಕಾಟ ಕೊಡುತ್ತದೆ. ತೆನೆಯಿಂದ ಜೇನಿನಂಥ ಅಂಟು ಒಸರುತ್ತದೆ. ಬಿತ್ತುವ ಮುಂಚೆ ಬೀಜವನ್ನು ಉಪ್ಪುನೀರಿಗೆ ಹಾಕಿ ತೇಲಿದ್ದನ್ನು ತೆಗೆದೆಸೆಯಿರಿ ಎಂದು ಕೃಷಿ ಇಲಾಖೆ ಹೇಳುವುದು ಇದಕ್ಕಾಗಿಯೇ.

ಸ್ಯಾಂಡೋಜ್ ಕಂಪನಿಯ ಪ್ರಯೋಗಾಲಯದಲ್ಲಿ ಈ ಎರ್ಗಟ್‌ನ ಸಾರದಿಂದ ಹಾಫ್‌ಮನ್ ಒಂದೊಂದೇ ಹೊಸ ವಸ್ತು ತಯಾರಿಸುತ್ತಿದ್ದರು. ಅವುಗಳಲ್ಲೊಂದು ಮೆಥರ್ಜಿನ್. ಬಾಣಂತಿಯ ರಕ್ತಸ್ರಾವ ನಿಲ್ಲಿಸಲು ನಮ್ಮ ತಾಲ್ಲೂಕು ಆಸ್ಪತ್ರೆಗಳ ಹೆರಿಗೆ ಕೋಣೆಗಳಲ್ಲೂ ದಶಕಗಳಿಂದ ಬಳಸುತ್ತಿರುವ ಇಂಜೆಕ್ಷನ್. ಅದೇ ಸಾಲಿನ ಇಪ್ಪತ್ತೈದನೆಯ ವಸ್ತುವನ್ನು 1938ರ ನವೆಂಬರ್ 16ರಂದು ತಯಾರಿಸಿ, ಪ್ರಯೋಜನವಿಲ್ಲವೆಂದು ಕೈಬಿಟ್ಟಿದ್ದರು. ಐದು ವರ್ಷದ ಮೇಲೆ ಯಾಕೋ ಮನಸ್ಸು ತಡೆಯದೆ ಮತ್ತೆ ಮಾಡಿದರು. ಏನೋ ಆಕಸ್ಮಿಕದಿಂದ ಅದರ ಕಣ ಮೈಸೇರಿ ತಲೆ ತೇಲಿದಂತಾಯಿತು. ಮೂರನೇ ದಿನವೇ ಆ ಸೈಕಲ್ ಸವಾರಿ.

ಕನ್ನಡದ ‘ಮದ್ದು’ ಎಂಬ ಪದ ಈ ವಸ್ತುವಿಗೆಂದೇ ಹುಟ್ಟಿದಂತಿದೆ. ಕಾಯಿಲೆ ವಾಸಿಮಾಡುವುದೂ ಮದ್ದು, ಬಂದೂಕಿಗೆ ತುಂಬುವುದೂ ಮದ್ದು, ಆಗದವರು ಊಟದಲ್ಲಿ ಗುಟ್ಟಾಗಿ ಹಾಕುವುದೂ ಮದ್ದು. ಎಲ್‌ಎಸ್‌ಡಿ ಮುಂದಿನ ಮೂವತ್ತು ವರ್ಷದಲ್ಲಿ ಈ ಮೂರೂ ಆಯಿತು.

ಮೊದಲು ಔಷಧ. 1947ರಲ್ಲಿ ಸ್ಯಾಂಡೋಜ್ ಅದನ್ನು ‘ಡೆಲಿಸಿಡ್’ ಹೆಸರಲ್ಲಿ ಮನೋವೈದ್ಯರಿಗೆ ಒದಗಿಸತೊಡಗಿತು. ಜೊತೆಯ ಚೀಟಿಯಲ್ಲಿ ಎರಡು ಉಪಯೋಗ. ಒಂದು, ರೋಗಿಯ ಅದುಮಿಟ್ಟ ನೆನಪುಗಳನ್ನು ಹೊರತರಲು. ಎರಡು, ವೈದ್ಯರು ತಾವೇ ತೆಗೆದುಕೊಂಡು ರೋಗಿಯ ಲೋಕ ಹೇಗಿರುತ್ತದೆಂದು ತಿಳಿಯಲು. ಕೆನಡಾದ ಸಸ್ಕಾಚೆವಾನ್‌ನಲ್ಲಿ ಹಂಫ್ರಿ ಆಸ್ಮಂಡ್ ಎಂಬ ವೈದ್ಯ ಕುಡುಕರಿಗೆ ಕೊಟ್ಟು ನೋಡಿದರು. ‘ಸೈಕೆಡೆಲಿಕ್’ ಎಂಬ ಪದವನ್ನು ಕಟ್ಟಿದ್ದೂ ಅವರೇ, ಕಾದಂಬರಿಕಾರ ಆಲ್ಡಸ್ ಹಕ್ಸ್‌ಲಿ ಜೊತೆಗಿನ ಪತ್ರವ್ಯವಹಾರದಲ್ಲಿ. ಮನಸ್ಸನ್ನು ಬಿಚ್ಚಿ ತೋರಿಸುವುದು ಎಂದು ಅರ್ಥ. ಐವತ್ತು, ಅರವತ್ತರ ದಶಕಗಳಲ್ಲಿ ಸುಮಾರು 40 ಸಾವಿರ ರೋಗಿಗಳಿಗೆ ಇಂಥ ಚಿಕಿತ್ಸೆ ನಡೆದಿತ್ತೆಂಬ ಅಂದಾಜಿದೆ.

ಆಮೇಲೆ ಆಯುಧ. ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ 1953ರಲ್ಲಿ ‘ಎಂಕೆಅಲ್ಟ್ರಾ’ ಎಂಬ ಯೋಜನೆ ಹೂಡಿ, ಮನಸ್ಸನ್ನು ವಶಮಾಡಿಕೊಳ್ಳುವ ದಾರಿ ಹುಡುಕುತ್ತ, ಏನನ್ನೂ ತಿಳಿಸದೆ ಜನರ ಪಾನೀಯಕ್ಕೆ ಎಲ್‌ಎಸ್‌ಡಿ ಬೆರೆಸಿತು. ನಮ್ಮ ಹಳ್ಳಿಯ ಭಾಷೆಯಲ್ಲಿ ‘ಮದ್ದು ಹಾಕುವುದು’ ಅಂದರೆ ಇದೇ.

ಬ್ಯಾಂಕರ್ ಕಂಡ ಅಣಬೆ

ಎಲ್‌ಎಸ್‌ಡಿಗೆ ಪ್ರಯೋಗಾಲಯದ ಹುಟ್ಟು. ಮಾಯಾ ಅಣಬೆಯಲ್ಲಿರುವ ಸಿಲೊಸೈಬಿನ್‌ನದು ಮಣ್ಣಿನ ಹುಟ್ಟು. 1955ರ ಜೂನ್ 29ರ ರಾತ್ರಿ ಮೆಕ್ಸಿಕೊದ ಓಹಾಕ ಬೆಟ್ಟಗಳ ಹುವಾಟ್ಲಾ ಎಂಬ ಊರಿನಲ್ಲಿ ಜೆ.ಪಿ. ಮಾರ್ಗನ್ ಬ್ಯಾಂಕಿನ ಉಪಾಧ್ಯಕ್ಷ ಗಾರ್ಡನ್ ವಾಸನ್ ಚಾಪೆಯ ಮೇಲೆ ಕೂತಿದ್ದರು. ಎದುರಿಗೆ ಮಸಾಟೆಕ್ ಬುಡಕಟ್ಟಿನ ಮರಿಯಾ ಸಬೀನಾ. ಕಾಯಿಲೆಯವರನ್ನು ಕೂರಿಸಿಕೊಂಡು ರಾತ್ರಿಯಿಡೀ ಹಾಡುತ್ತ ಅಣಬೆ ಕೊಡುವುದು ಆಕೆಯ ಪದ್ಧತಿ. ಅಣಬೆಗಳನ್ನು ಆಕೆ ಕರೆಯುತ್ತಿದ್ದದ್ದು ‘ಪವಿತ್ರ ಮಕ್ಕಳು’ ಎಂದು.

ವಾಸನ್ 1957ರ ಮೇ ತಿಂಗಳಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಸಚಿತ್ರ ಲೇಖನ ಬರೆದರು. ಆಕೆಯ ಹೆಸರು ಬದಲಿಸಿದ್ದರೂ ಊರು ಪತ್ತೆಯಾಗಲು ತಡವಾಗಲಿಲ್ಲ. ಹಿಪ್ಪಿಗಳು ಬಂದರು, ಅವರ ಹಿಂದೆ ಪೊಲೀಸರು. ಮರಿಯಾ ಮನೆಗೆ ಊರವರೇ ಬೆಂಕಿ ಇಟ್ಟರು. ಹೊರಗಿನವರು ಬಂದಮೇಲೆ ಅಣಬೆಯ ಶಕ್ತಿಯೇ ಹೋಯಿತೆಂದು ಆಕೆ ಕೊನೆಗಾಲದಲ್ಲಿ ಹಲುಬುತ್ತಿದ್ದಳು.

ಅಣಬೆಯಿಂದ ಸಿಲೊಸೈಬಿನ್ ಅನ್ನು 1958ರಲ್ಲಿ ಬೇರ್ಪಡಿಸಿದವರು ಮತ್ತದೇ ಹಾಫ್‌ಮನ್. 1962ರಲ್ಲಿ ಅವರು ಗುಳಿಗೆಗಳನ್ನು ಹಿಡಿದು ಹುವಾಟ್ಲಾಗೆ ಹೋದರು. ನುಂಗಿ ನೋಡಿದ ಮರಿಯಾ, ಅಣಬೆಯಲ್ಲಿರುವ ಶಕ್ತಿಯೇ ಇದರಲ್ಲೂ ಇದೆ ಎಂದು ಒಪ್ಪಿದಳಂತೆ. ಔಷಧ ಕಂಪನಿಗೆ ಇಂಥ ಗುಣಮಟ್ಟದ ಪ್ರಮಾಣಪತ್ರ ಮತ್ತೆಂದೂ ಸಿಕ್ಕಿರಲಾರದು.

---

ಸೋಮರಸ ಅಣಬೆಯೇ?

ವಾಸನ್ ಕುತೂಹಲ ಮೆಕ್ಸಿಕೊಗೆ ನಿಲ್ಲಲಿಲ್ಲ. ಋಗ್ವೇದದ ಒಂಬತ್ತನೇ ಮಂಡಲ ಪೂರ್ತಿ ಕೊಂಡಾಡುವ ಸೋಮ ಯಾವುದು? ಕೆಂಪು ಟೋಪಿಯ ಮೇಲೆ ಬಿಳಿ ಚುಕ್ಕೆಯ ಅಮಾನಿಟ ಅಣಬೆಯೇ ಅದು ಎಂದು 1968ರ ಪುಸ್ತಕದಲ್ಲಿ ವಾದಿಸಿದರು. ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಎಫೆಡ್ರಾ ಗಿಡ ಎನ್ನುವವರ ಪಕ್ಷವೂ ಗಟ್ಟಿಯಾಗಿದೆ. ಅಂದಹಾಗೆ ಆ ಕೆಂಪು ಅಣಬೆಯಲ್ಲಿ ಸಿಲೊಸೈಬಿನ್ ಇಲ್ಲ. ಅದರ ಅಮಲೇ ಬೇರೆ ಜಾತಿಯದು.

---

ಬೀದಿಗೆ ಬಂದಾಗ

ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞ ಟಿಮೊತಿ ಲಿಯರಿ ಅರವತ್ತರ ದಶಕದ ಆರಂಭದಲ್ಲಿ ಸಿಲೊಸೈಬಿನ್ ಸಂಶೋಧನೆಗೆ ಇಳಿದವರು, ಬರಬರುತ್ತ ಪ್ರಚಾರಕರಾದರು. 1963ರಲ್ಲಿ ಅವರೂ ಸಹೋದ್ಯೋಗಿ ರಿಚರ್ಡ್ ಆಲ್ಪರ್ಟ್ ಅವರೂ ವಿಶ್ವವಿದ್ಯಾಲಯದಿಂದ ಹೊರಬಿದ್ದರು. ಆಲ್ಪರ್ಟ್ 1967ರಲ್ಲಿ ಭಾರತಕ್ಕೆ ಬಂದು, ಹಿಮಾಲಯದ ತಪ್ಪಲಲ್ಲಿ ನೀಮ್ ಕರೋಲಿ ಬಾಬಾ ಅವರ ಎದುರು ಕೂತರು. ಬಾಬಾ ಕೇಳಿದರೆಂದು ತನ್ನಲ್ಲಿದ್ದ ಎಲ್‌ಎಸ್‌ಡಿ ಗುಳಿಗೆಗಳನ್ನು ಕೊಟ್ಟೆ, ನುಂಗಿದರು, ಏನೂ ಆಗಲಿಲ್ಲ ಎಂದು ಆಲ್ಪರ್ಟ್ ಜೀವನವಿಡೀ ಹೇಳಿಕೊಂಡರು. ಅಮೆರಿಕಕ್ಕೆ ಮರಳಿದ್ದು ರಾಮದಾಸ್ ಆಗಿ. ಈ ಪ್ರಸಂಗಕ್ಕೆ ಬಿಳಿಕೋಟಿನ ಸಾಕ್ಷಿಯಿಲ್ಲ, ಭಕ್ತರ ಸಾಕ್ಷಿಯಿದೆ. ನಂಬುವುದು ನಿಮಗೆ ಬಿಟ್ಟದ್ದು.

ವಿಯೆಟ್ನಾಂ ಯುದ್ಧಕ್ಕೆ ಹೋಗಲೊಲ್ಲದ ಹುಡುಗರು, ಮನೆ ಬಿಟ್ಟ ಮಕ್ಕಳು, ಕಟ್ಟಡದಿಂದ ಜಿಗಿದವರ ಸುದ್ದಿಗಳು. ಸರ್ಕಾರಕ್ಕೆ ಸಾಕಾಯಿತು. 1970ರಲ್ಲಿ ಅಮೆರಿಕ ಎಲ್‌ಎಸ್‌ಡಿ, ಸಿಲೊಸೈಬಿನ್‌ಗಳನ್ನು ‘ವೈದ್ಯಕೀಯ ಉಪಯೋಗವಿಲ್ಲ’ ಎಂಬ ಅತಿ ಕಠಿಣ ಪಟ್ಟಿಗೆ ಸೇರಿಸಿತು. 1971ರಲ್ಲಿ ವಿಶ್ವಸಂಸ್ಥೆಯ ಒಪ್ಪಂದವಾಯಿತು. 1985ರಲ್ಲಿ ನಮ್ಮ ಎನ್‌ಡಿಪಿಎಸ್ ಕಾಯ್ದೆ. ಬೀದಿಯ ಬಾಗಿಲು ಮುಚ್ಚುವ ಭರದಲ್ಲಿ ಪ್ರಯೋಗಾಲಯದ ಬಾಗಿಲಿಗೂ ಬೀಗ ಬಿತ್ತು. ಅಮಲು ಮಾತ್ರ ನಿಲ್ಲಲಿಲ್ಲ, ಸಂಶೋಧನೆ ನಿಂತಿತು.

---

ಎರಡು ಮಿಲಿಗ್ರಾಂ ಲೆಕ್ಕ

ಎನ್‌ಡಿಪಿಎಸ್ ಕಾಯ್ದೆಯಡಿ ಎಲ್‌ಎಸ್‌ಡಿಯ ‘ಸಣ್ಣ ಪ್ರಮಾಣ’ ಎಂದರೆ 0.002 ಗ್ರಾಂ, ‘ವಾಣಿಜ್ಯ ಪ್ರಮಾಣ’ 0.1 ಗ್ರಾಂ. ವಾಣಿಜ್ಯ ಪ್ರಮಾಣ ಸಿಕ್ಕರೆ ಕನಿಷ್ಠ 10 ವರ್ಷ ಜೈಲು. ಬೀದಿಯಲ್ಲಿ ಅದು ಸಿಗುವುದು ಅಂಚೆಚೀಟಿಯಂಥ ಕಾಗದದ ಚೂರಿನಲ್ಲಿ. ತೂಗುವಾಗ ಕಾಗದವನ್ನೂ ಸೇರಿಸಬೇಕೇ ಎಂಬುದು ನಮ್ಮ ನ್ಯಾಯಾಲಯಗಳಲ್ಲಿ ಗಂಭೀರ ವಾದಕ್ಕೆ ಬಂದ ಪ್ರಶ್ನೆ.

---

ಆ ಕೋಣೆಯಲ್ಲಿ ಒಂದು ದಿನ

ಪ್ರಯೋಗಾಲಯದ ಬೀಗ ತೆರೆದದ್ದು ನಿಧಾನಕ್ಕೆ. 2006ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ರೋಲಂಡ್ ಗ್ರಿಫಿತ್ಸ್ ಪ್ರಬಂಧವೊಂದನ್ನು ಪ್ರಕಟಿಸಿದರು. ಗ್ರಿಫಿತ್ಸ್ ಹಿಪ್ಪಿಯಲ್ಲ, ಕಾಫಿಯ ಕೆಫೀನ್ ಚಟದ ಬಗ್ಗೆ ಸಂಶೋಧಿಸಿ ಹೆಸರಾದ, ಅಳೆದು ತೂಗಿ ಮಾತಾಡುವ ವಿಜ್ಞಾನಿ. ಅವರ ಬಳಿ ಸಿಲೊಸೈಬಿನ್ ಪಡೆದ ಆರೋಗ್ಯವಂತರಲ್ಲಿ ಮೂರನೇ ಎರಡರಷ್ಟು ಮಂದಿ, ಮೊದಲ ಮಗು ಹುಟ್ಟಿದ್ದಕ್ಕೆ, ಹೆತ್ತವರು ತೀರಿಕೊಂಡದ್ದಕ್ಕೆ ಸಮನಾದ, ಬದುಕಿನ ಐದು ಮಹತ್ವದ ಅನುಭವಗಳಲ್ಲಿ ಒಂದು ಎಂದು ಅದನ್ನು ಎಣಿಸಿದ್ದರು.

2016ರಲ್ಲಿ ಹಾಪ್‌ಕಿನ್ಸ್ ಮತ್ತು ನ್ಯೂಯಾರ್ಕ್ ವಿಶ್ವವಿದ್ಯಾಲಯ ಸಾವಿನ ಭಯದಲ್ಲಿ ನಲುಗಿದ ಕ್ಯಾನ್ಸರ್ ರೋಗಿಗಳತ್ತ ತಿರುಗಿದವು. ಮೊದಲಿನ ಕಡೆ 51 ಮಂದಿ, ಎರಡನೆಯ ಕಡೆ 29. ಆರು ತಿಂಗಳ ಮೇಲೆ ಕೇಳಿದರೂ ಹಾಪ್‌ಕಿನ್ಸ್‌ನ ಸುಮಾರು ಶೇ 80ರಷ್ಟು ಜನರ ಖಿನ್ನತೆ, ಆತಂಕ ಗಣನೀಯವಾಗಿ ಇಳಿದೇ ಇತ್ತು. ಕ್ಯಾನ್ಸರ್ ಎಲ್ಲೂ ಹೋಗಿರಲಿಲ್ಲ. ಅದರ ಜೊತೆ ಬದುಕುವ ರೀತಿ ಬದಲಾಗಿತ್ತು. ಗ್ರಿಫಿತ್ಸ್ ಅವರೇ 2023ರ ಅಕ್ಟೋಬರ್‌ನಲ್ಲಿ ಕರುಳಿನ ಕ್ಯಾನ್ಸರ್‌ನಿಂದ ತೀರಿಕೊಂಡರು.

ಈ ಚಿಕಿತ್ಸೆ ನಡೆಯುವ ಕೋಣೆ ಆಸ್ಪತ್ರೆಯ ವಾರ್ಡಿನಂತಿರುವುದಿಲ್ಲ. ಸೋಫಾ, ಮಂದ ಬೆಳಕು, ಹೂವು. ಗುಳಿಗೆ ಕೊಡುವ ಮುಂಚೆಯೇ ಚಿಕಿತ್ಸಕರು ರೋಗಿಯೊಂದಿಗೆ ಹಲವು ಗಂಟೆ ಮಾತಾಡಿರುತ್ತಾರೆ: ಮನೆ, ಬಾಲ್ಯ, ಭಯ. ಆ ದಿನ ಬೆಳಗ್ಗೆ ಗುಳಿಗೆ ನುಂಗಿಸಿ, ಕಣ್ಣಿಗೆ ಪಟ್ಟಿ ಕಟ್ಟಿ, ಕಿವಿಗೆ ಸಂಗೀತ ಇಟ್ಟು ಮಲಗಿಸುತ್ತಾರೆ. ಪಕ್ಕದಲ್ಲಿ ಇಬ್ಬರು ಕೂರುತ್ತಾರೆ. ಆರರಿಂದ ಎಂಟು ಗಂಟೆ. ರೋಗಿ ಅಳಬಹುದು, ನಗಬಹುದು, ಸತ್ತೆ ಎಂದು ಕಿರುಚಬಹುದು. ಅವರು ಹೆಚ್ಚು ಮಾತಾಡುವುದಿಲ್ಲ. ಬೇಕೆನಿಸಿದರೆ ಕೈ ಹಿಡಿದುಕೊಳ್ಳುತ್ತಾರೆ. ಮಾರನೇ ದಿನದಿಂದ, ಕಂಡದ್ದನ್ನು ಬದುಕಿಗೆ ಹೊಂದಿಸುವ ಮಾತುಕತೆ. ಚಾಪೆ ಹೋಗಿ ಸೋಫಾ ಬಂದಿದೆ, ಹಾಡಿನ ಜಾಗಕ್ಕೆ ಹೆಡ್‌ಫೋನು. ಮರಿಯಾ ಸಬೀನಾ ಇದನ್ನು ನೋಡಿದ್ದರೆ ತನ್ನ ಮನೆಯ ಪದ್ಧತಿಯನ್ನು ಥಟ್ಟನೆ ಗುರುತಿಸುತ್ತಿದ್ದಳು.

ಮಿದುಳಿನಲ್ಲಿ ಆಗುವುದೇನು? ಸಿಲೊಸೈಬಿನ್, ಎಲ್‌ಎಸ್‌ಡಿ ಎರಡೂ ಸೆರೊಟೋನಿನ್ ಎಂಬ ನರವಾಹಕದ ಒಂದು ಬೀಗಕ್ಕೆ, ವಿಜ್ಞಾನಿಗಳು ‘2ಎ’ ಎನ್ನುವ ಗ್ರಾಹಕಕ್ಕೆ, ಕೀಲಿಯಂತೆ ಕೂರುತ್ತವೆ. ಆ ಬೀಗವನ್ನು ಮೊದಲೇ ಬೇರೆ ಔಷಧದಿಂದ ಮುಚ್ಚಿದರೆ ಅನುಭವವೇ ಆಗದು. 1998ರಲ್ಲಿ ಜ್ಯೂರಿಕ್‌ನಲ್ಲಿ ಇದನ್ನು ತೋರಿಸಲಾಯಿತು. ಸುಮ್ಮನೆ ಕೂತಾಗ ‘ನಾನು, ನನ್ನದು, ನನಗೇ ಯಾಕೆ ಹೀಗೆ’ ಎಂದು ಮೆಲುಕು ಹಾಕುವ ಮಿದುಳಿನ ಜಾಲವೊಂದಿದೆ. ಗುಳಿಗೆಯ ಪ್ರಭಾವದಲ್ಲಿ ಅದರ ಹಿಡಿತ ಸಡಿಲವಾಗುವುದನ್ನು ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಸ್ಕ್ಯಾನಿನಲ್ಲಿ ಕಂಡಿದ್ದಾರೆ. ಹಳೇ ಹಳ್ಳಿದಾರಿ ನೆನೆಯಿರಿ. ವರ್ಷಾನುಗಟ್ಟಲೆ ಗಾಡಿ ಓಡಿದ ಜಾಡು. ಎತ್ತನ್ನು ಎತ್ತ ತಿರುಗಿಸಿದರೂ ಗಾಲಿ ಅದೇ ಜಾಡಿಗೆ ಬೀಳುತ್ತದೆ. ಖಿನ್ನತೆ ಅಂಥದು. ಒಂದು ದೊಡ್ಡ ಮಳೆ ಬಂದು ಜಾಡು ಕಲಸಿಹೋದರೆ ನಾಲ್ಕಾರು ದಿನ ಗಾಡಿಯನ್ನು ಹೊಸ ಕಡೆ ಹೊಡೆಯಬಹುದು. ಆ ಕೆಸರಿನಲ್ಲಿ ಜೊತೆಗೆ ಗಾಡಿ ಹೊಡೆಯುವವರು ಯಾರಾದರೂ ಬೇಕು.

ತಣ್ಣೀರು ಎರಚಿದ ಲೆಕ್ಕಗಳು

ಪತ್ರಿಕೆಗಳು ‘ಪವಾಡ’ ಎಂದು ಬರೆಯತೊಡಗಿದ ಮೇಲೆ ಅಂಕಿಗಳು ಹೆಚ್ಚು ಸಂಯಮದಿಂದ ಬಂದವು. 2021ರಲ್ಲಿ ಇಂಪೀರಿಯಲ್ ಕಾಲೇಜು 59 ರೋಗಿಗಳಲ್ಲಿ ಸಿಲೊಸೈಬಿನ್ ಅನ್ನು ನಮ್ಮ ಮೆಡಿಕಲ್ ಶಾಪುಗಳಲ್ಲೂ ಸಿಗುವ ಎಸಿಟಲೊಪ್ರಾಮ್ ಗುಳಿಗೆಯ ಎದುರು ನಿಲ್ಲಿಸಿತು. ಮುಖ್ಯ ಅಳತೆಗೋಲಿನಲ್ಲಿ ಎರಡರ ನಡುವೆ ಗಣನೀಯ ವ್ಯತ್ಯಾಸ ಸಿಗಲಿಲ್ಲ. 2022ರಲ್ಲಿ ಬೇರೆ ಔಷಧಕ್ಕೆ ಬಗ್ಗದ ಖಿನ್ನತೆಯ 233 ರೋಗಿಗಳ ದೊಡ್ಡ ಪರೀಕ್ಷೆ. 25 ಮಿಲಿಗ್ರಾಂ ಪಡೆದವರಲ್ಲಿ ಮೂರು ವಾರಕ್ಕೆ ಶೇ 37 ಮಂದಿಗೆ ಗುಣ ಕಂಡಿತು. ಹೆಸರಿಗೆ ಮಾತ್ರದ 1 ಮಿಲಿಗ್ರಾಂ ಪಡೆದವರಲ್ಲಿ ಶೇ 18. ಹನ್ನೆರಡು ವಾರದ ಹೊತ್ತಿಗೆ ಆ ಗುಣ ಉಳಿದದ್ದು ಶೇ 20ರಷ್ಟು ಮಂದಿಯಲ್ಲಿ. ಕೈಚೆಲ್ಲಿದ ರೋಗಿಗಳ ಮಟ್ಟಿಗೆ ಇದು ಸಣ್ಣದಲ್ಲ. ಪವಾಡವೂ ಅಲ್ಲ.

ಇನ್ನೊಂದು ಪೇಚಿದೆ. ಔಷಧ ಪರೀಕ್ಷೆಯಲ್ಲಿ ಯಾರಿಗೆ ಅಸಲಿ, ಯಾರಿಗೆ ಸಕ್ಕರೆ ಗುಳಿಗೆ ಎಂಬುದು ಯಾರಿಗೂ ತಿಳಿಯಬಾರದು. ಗೋಡೆ ಉಸಿರಾಡತೊಡಗಿದ ಮೇಲೆ ಗುಟ್ಟು ಎಲ್ಲಿಯದು?

ಈ ಪೇಚೇ ಎಂಡಿಎಂಎಗೂ ಮುಳುವಾಯಿತು. ಯುದ್ಧ, ಅತ್ಯಾಚಾರ, ಅಪಘಾತಗಳ ನೆನಪು ಬಿಡದೆ ಕಾಡುವ ಪಿಟಿಎಸ್‌ಡಿ ಕಾಯಿಲೆಗೆ ಅದನ್ನು ಕೊಟ್ಟ ಪರೀಕ್ಷೆಯ ಫಲ ಬೆರಗುಗೊಳಿಸುವಂತಿತ್ತು. 2021ರ ವರದಿಯಲ್ಲಿ 90 ಜನ. ಎಂಡಿಎಂಎ ಮತ್ತು ಸಮಾಲೋಚನೆ ಎರಡೂ ಪಡೆದವರಲ್ಲಿ ಶೇ 67 ಮಂದಿಗೆ ಪಿಟಿಎಸ್‌ಡಿ ಇದೆಯೆಂದು ಹೇಳುವಂತೆಯೇ ಇರಲಿಲ್ಲ. ಬರೀ ಸಮಾಲೋಚನೆ ಪಡೆದವರಲ್ಲಿ ಇದು ಶೇ 32. ಆದರೂ 2024ರ ಆಗಸ್ಟ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ನಿರಾಕರಿಸಿತು. ಮತ್ತೊಂದು ಪರೀಕ್ಷೆ ಮಾಡಿ ಬನ್ನಿ ಎಂದಿತು.

ಕಾರಣ ಅಂಕಿಗಳಷ್ಟೇ ಆಗಿರಲಿಲ್ಲ. ಕೆನಡಾದಲ್ಲಿ ನಡೆದ ಹಿಂದಿನ ಹಂತದ ಪರೀಕ್ಷೆಯೊಂದರಲ್ಲಿ ಚಿಕಿತ್ಸಕರೇ ರೋಗಿಯೊಂದಿಗೆ ಹದ್ದು ಮೀರಿ ನಡೆದುಕೊಂಡದ್ದು ಬಯಲಾಗಿತ್ತು. ಅದೇ ತಿಂಗಳು ವಿಜ್ಞಾನ ಪತ್ರಿಕೆಯೊಂದು ಎಂಡಿಎಂಎ ಕುರಿತ ಮೂರು ಪ್ರಬಂಧಗಳನ್ನು ಹಿಂತೆಗೆದುಕೊಂಡಿತು. ಮನಸ್ಸಿನ ಬಾಗಿಲು ಹಾರುಹೊಡೆದು ಮಲಗಿರುವ ಮನುಷ್ಯನ ಪಕ್ಕ ಯಾರು ಕೂರುತ್ತಾರೆ ಎನ್ನುವುದು ಈ ಚಿಕಿತ್ಸೆಯ ಅತಿ ನಾಜೂಕಿನ ಭಾಗ. ಅದನ್ನು ಗುಳಿಗೆಯಂತೆ ತೂಕ ಮಾಡಿ ಪ್ಯಾಕ್ ಮಾಡಲಾಗುವುದಿಲ್ಲ.

---

ಯಾರಿಗೆ ಕೂಡದು

ಸ್ವಂತಕ್ಕೆ ಅಥವಾ ಹತ್ತಿರದ ರಕ್ತಸಂಬಂಧದಲ್ಲಿ ಸ್ಕಿಜೊಫ್ರೀನಿಯಾ, ಬೈಪೋಲಾರ್ ಕಾಯಿಲೆ ಇದ್ದವರನ್ನು ಈ ಪರೀಕ್ಷೆಗಳಿಗೆ ಸಾಮಾನ್ಯವಾಗಿ ಸೇರಿಸಿಕೊಳ್ಳುವುದೇ ಇಲ್ಲ. ಚಿತ್ತಭ್ರಮೆ ಕೆರಳುವ ಭಯ. ಹೃದ್ರೋಗಿಗಳಿಗೂ ಎಚ್ಚರಿಕೆ. ಕೊಡೈಕೆನಾಲ್‌ಗೆ ‘ಮಶ್ರೂಮ್’ ಹುಡುಕಿಕೊಂಡು ಹೋಗುವ ಬೆಂಗಳೂರಿನ ಹುಡುಗರಿಗೆ ಇದನ್ನು ಕೇಳುವವರು ಯಾರೂ ಇರುವುದಿಲ್ಲ. ಕಾಡಿನ ಅಣಬೆಗಳಲ್ಲಿ ಯಕೃತ್ತು ಕೊಲ್ಲುವ ಜಾತಿಗಳೂ ಇವೆ. ನಮ್ಮ ದೇಶದಲ್ಲಿ ಇದು ಜೈಲಿನ ದಾರಿಯೂ ಹೌದು.

---

ಎಂಟು ಗಂಟೆ ಎಲ್ಲಿಂದ ತರುವುದು?

ಆಸ್ಟ್ರೇಲಿಯಾ ಎಲ್ಲರಿಗಿಂತ ಮುಂದೆ ಹೋಯಿತು. 2023ರ ಜುಲೈ 1ರಿಂದ ಅಲ್ಲಿ ಅನುಮತಿ ಪಡೆದ ಮನೋವೈದ್ಯರು ಪಿಟಿಎಸ್‌ಡಿಗೆ ಎಂಡಿಎಂಎ, ಬಗ್ಗದ ಖಿನ್ನತೆಗೆ ಸಿಲೊಸೈಬಿನ್ ಬರೆದುಕೊಡಬಹುದು. ಒಬ್ಬ ರೋಗಿಯ ಪೂರ್ಣ ಚಿಕಿತ್ಸೆಯ ವೆಚ್ಚ ಇಪ್ಪತ್ತು ಸಾವಿರ ಡಾಲರ್ ದಾಟುತ್ತದೆಂಬ ವರದಿಗಳಿವೆ. ಅದರ ದೊಡ್ಡ ಪಾಲು ಗುಳಿಗೆಯ ಬೆಲೆಯಲ್ಲ, ಪಕ್ಕದಲ್ಲಿ ಕೂರುವವರ ವೇಳೆ.

ಈಗ ನಮ್ಮ ಲೆಕ್ಕ. ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 10ಕ್ಕೂ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ. ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಜನಕ್ಕೆ ಚಿಕಿತ್ಸೆ ಸಿಗುತ್ತಿಲ್ಲ. ಮನೋವೈದ್ಯರು ಲಕ್ಷ ಜನಕ್ಕೆ ಒಬ್ಬರೂ ಇಲ್ಲ, ಮುಕ್ಕಾಲು. ರಾಯಚೂರಿನಿಂದ ರಾತ್ರಿ ಬಸ್ಸು ಹತ್ತಿ, ಕಡತ ಎದೆಗವುಚಿಕೊಂಡು ಬೆಳಗ್ಗೆ ಸಾಲಿನಲ್ಲಿ ನಿಲ್ಲುವವರಿಗೆ ಡಾಕ್ಟರ ಮುಂದೆ ಹತ್ತು ನಿಮಿಷ ಸಿಕ್ಕರೆ ಪುಣ್ಯ. ಇಬ್ಬರು ತಜ್ಞರು, ಒಬ್ಬ ರೋಗಿ, ಎಂಟು ಗಂಟೆ ಎಂಬ ಲೆಕ್ಕ ಇಲ್ಲಿ ಸೈಕೆಡೆಲಿಕ್‌ಗಿಂತ ದೊಡ್ಡ ಭ್ರಮೆಯಂತೆ ಕೇಳಿಸುತ್ತದೆ.

ಒಂದು ದಾಯಾದಿ ಮಾತ್ರ ಈಗಾಗಲೇ ನಮ್ಮ ಆಸ್ಪತ್ರೆಗಳಲ್ಲಿದೆ. ಕೆಟಮಿನ್: ಅಗ್ಗದ, ಹಳೆಯ ಅರಿವಳಿಕೆ ಔಷಧ. ಶಾಸ್ತ್ರದ ಪ್ರಕಾರ ಸೈಕೆಡೆಲಿಕ್ ಪಂಗಡದ್ದಲ್ಲ, ಕೆಲಸ ಮಾಡುವ ಬೀಗವೂ ಬೇರೆ. ಕಡಿಮೆ ಪ್ರಮಾಣದಲ್ಲಿ ಅದು ಖಿನ್ನತೆಯನ್ನು ಗಂಟೆಗಳಲ್ಲೇ ಇಳಿಸಬಲ್ಲದೆಂದು 2000ದಲ್ಲಿ ಯೇಲ್ ವಿಶ್ವವಿದ್ಯಾಲಯದ ಪುಟ್ಟ ಅಧ್ಯಯನ ತೋರಿಸಿತು. ಅದರ ಒಂದು ರೂಪವಾದ ಎಸ್‌ಕೆಟಮಿನ್ ಮೂಗಿನ ಸ್ಪ್ರೇಗೆ ಅಮೆರಿಕ 2019ರಲ್ಲಿ ಒಪ್ಪಿಗೆ ಕೊಟ್ಟಿತು. ನಮ್ಮಲ್ಲೂ ಕೆಲವು ಮನೋವೈದ್ಯರು ಬೇರೆ ದಾರಿ ಕಾಣದ ರೋಗಿಗಳಿಗೆ ಡ್ರಿಪ್ ಮೂಲಕ ಕೊಡುತ್ತಾರೆ. ಪಕ್ಕದಲ್ಲಿ ಯಾರೂ ಇಲ್ಲದೆ ಅದೇ ಕೆಟಮಿನ್ ಏನು ಮಾಡಬಲ್ಲದು ಎಂಬುದಕ್ಕೆ 2023ರ ಅಕ್ಟೋಬರ್‌ನಲ್ಲಿ ತನ್ನ ಮನೆಯ ಬಿಸಿನೀರ ತೊಟ್ಟಿಯಲ್ಲಿ ಶವವಾಗಿ ಸಿಕ್ಕ ‘ಫ್ರೆಂಡ್ಸ್’ ಧಾರಾವಾಹಿಯ ನಟ ಮ್ಯಾಥ್ಯೂ ಪೆರಿ ಸಾಕ್ಷಿ.

ಬಾಸೆಲ್‌ಗೆ ಮರಳೋಣ. ಹಾಫ್‌ಮನ್ 102 ವರ್ಷ ಬಾಳಿ 2008ರಲ್ಲಿ ತೀರಿಕೊಂಡರು. ಎಲ್‌ಎಸ್‌ಡಿಯನ್ನು ಅವರು ತನ್ನ ‘ಸಮಸ್ಯೆಯ ಮಗು’ ಎಂದೇ ಕರೆದರು, ಆ ಹೆಸರಿನ ಪುಸ್ತಕವನ್ನೂ ಬರೆದರು. ಆ ಸಂಜೆಯ ಎರಡನೇ ಸೈಕಲ್ ಮೇಲಿದ್ದವಳ ಬಗ್ಗೆ ಜಗತ್ತು ಹೆಚ್ಚು ಕೇಳಲಿಲ್ಲ. ಹೆಸರು ಸೂಸಿ ರಾಮ್‌ಸ್ಟೈನ್, ವಯಸ್ಸು ಇಪ್ಪತ್ತರ ಆಸುಪಾಸು, ಪ್ರಯೋಗಾಲಯದ ಕಿರಿಯ ಕೈ. ಬಾಗುವ ದಾರಿಯಲ್ಲಿ ದಿಕ್ಕು ತಪ್ಪದಂತೆ ಮನೆ ಸೇರಿಸಿದ್ದು, ಡಾಕ್ಟರನ್ನು ಕರೆಸಿದ್ದು, ಹಾಲಿಗೆ ಓಡಾಡಿದ್ದು, ದಿಗಿಲು ಇಳಿಯುವ ತನಕ ಜೊತೆಯಲ್ಲಿದ್ದದ್ದು ಆಕೆ.

ಎರಡು ತಿಂಗಳ ಮೇಲೆ, ಆ ಜೂನ್‌ನಲ್ಲಿ, ಸೂಸಿ ತಾನೂ ನೂರು ಮೈಕ್ರೋಗ್ರಾಂ ಕುಡಿದು ನೋಡಿದಳು. ಹಾಗೆ ಮಾಡಿದ ಮೊದಲ ಹೆಂಗಸು. ಅನುಭವ ಹಿತವಾಗಿತ್ತಂತೆ. ಸಂಜೆ ಟ್ರ್ಯಾಮ್ ಹಿಡಿದು ಮನೆಗೆ ಹೋದಳು.